ಅಂಗಳದ ಮಾತು: ಮರೆಯೂ ಬೇಕು, ಕಾಯಿಯೂ ಬೇಕು



ಕಳೆದ ರಾಜ್ಯೋತ್ಸವದ ದಿನ ಸಂಘದ ಸಭಾಗೃಹದ ಹೊರಗೆ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ನಿಮ್ಮಲ್ಲೊಬ್ಬಳು ಹಿಂದಿನಿಂದ ಬಂದು, “ಕಾಕಾ, ನೀವು ಯಾವಾಗಲೂ ತುಳಸಿ, ಕರಿಬೇವು, ದಾಸವಾಳ ಅಂತನ ಬರೀತೀರಿ. ನಾನು ಜನವರಿಗೆ ಸ್ಯಾನ್ ಹೋಸೆಗೆ ಹೊಂಟೀನಿ. ಅಲ್ಲೆ ಅಣ್ಣನ ಮನಿ ಹಿಂದ ಬೇಲಿಗುಂಟ ಆಲಿವ್ ಗಿಡ ಅದಾವಂತ. ಎಂಟು ವರ್ಷ ಆತು, ಒಂದು ಕಾಯಿ ಬಿಟ್ಟಿಲ್ಲಂತ. ಅದರ ಬಗ್ಗೆ ಬರೀರಲ್ಲಾ,” ಎಂದಳು.

ಅವಳ ಮಾತಿನಲ್ಲಿ ಅರ್ಧ ಧಾರವಾಡ, ಅರ್ಧ ಕೋಥರೂಡ, ಕೇಳಲು ಹಿತವಾಗಿತ್ತು. ಬರೆಯುತ್ತೇನೆಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಅನ್ನಿಸಿತು, ಈ ಮರದ ವಿಷಯದಲ್ಲಿ ಬರೆಯುವ ಅಧಿಕಾರ ನನಗೆ ಒಂದೇ ಕಾರಣಕ್ಕೆ ಇದೆ. ಅದನ್ನು ಹೇಗೆ ಕಡಿಯಬಾರದು ಎಂಬುದನ್ನು ನಾನು ಸ್ವತಃ ಕಡಿದು ಕಲಿತಿದ್ದೇನೆ. ಅದೂ ಮಗನ ಮನೆಯಲ್ಲಿ, ಸೊಸೆಯ ಕಣ್ಣೆದುರಿಗೆ.

ಮೊದಲು ಮರದ ಪರಿಚಯ. ಆಲಿವ್ ಎಂದರೆ ಪಿಜ್ಜಾದ ಮೇಲಿನ ಕರಿಯ ಉಂಗುರ ಎಂದಷ್ಟೇ ಬಲ್ಲವರು ನಿಮ್ಮಲ್ಲಿ ಇರಬಹುದು. ನನಗೂ ಅಷ್ಟೇ ಗೊತ್ತಿತ್ತು. ಆದರೆ ಅದು ನಮಗೆ ತೀರ ಪರಕೀಯವಲ್ಲ. ನಮ್ಮ ಮಲ್ಲಿಗೆ, ಪಾರಿಜಾತಗಳ ಕುಟುಂಬಕ್ಕೇ ಸೇರಿದ್ದು. ನೀವು ಶಾಲೆಯ ಸಹಲಿಗೆ ಹೋಗುವ ಮಹಾಬಳೇಶ್ವರದ ಕಾಡಿನಲ್ಲಿ ಮರಾಠಿಗರು ಪಾರಜಾಂಬ್ ಎಂದು ಕರೆಯುವ ಮರವಿದೆಯಲ್ಲ, ಅದು ಇದರ ದಾಯಾದಿ. ನಿಜವಾದ ಆಲಿವ್‌ನ ತವರು ಮಾತ್ರ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡು. ಮಳೆಯೆಲ್ಲ ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ನಮ್ಮ ಪುಣೆಯ ಲೆಕ್ಕಕ್ಕೆ ತಲೆಕೆಳಗು. ಕ್ಯಾಲಿಫೋರ್ನಿಯಾದ ಹವೆಯೂ ಹಾಗೆಯೇ. ಹದಿನೆಂಟನೆಯ ಶತಮಾನದ ಕೊನೆಗೆ ಸ್ಪೇನಿನ ಪಾದ್ರಿಗಳು ಅಲ್ಲಿ ನೆಟ್ಟ ಮರ ಸೊಗಸಾಗಿ ಹೊಂದಿಕೊಂಡಿತು. ಈಗ ತೋಟಗಳಲ್ಲಷ್ಟೇ ಅಲ್ಲ, ಮನೆಗಳ ಹಿತ್ತಲಲ್ಲೂ ಸಾಲಾಗಿ ನೆಡುತ್ತಾರೆ. ವರ್ಷವಿಡೀ ಎಲೆ ಇರುತ್ತದೆ, ನೀರು ಕಡಿಮೆ ಸಾಕು, ಪಕ್ಕದ ಮನೆಯ ಕಿಟಕಿಗೆ ಮರೆಯಾಗುತ್ತದೆ. ಹಲಗೆಯ ಬೇಲಿ ಆರಡಿಗೆ ಮುಗಿಯುತ್ತದೆ, ಅದರ ಮೇಲಿನದನ್ನು ಮರವೇ ಮುಚ್ಚಬೇಕು.

ನನ್ನ ಮಗ 2015ರಲ್ಲಿ ಕೊಂಡ ಮನೆಯ ಹಿಂದೆಯೂ ಇಂಥ ಆರು ಮರಗಳಿದ್ದವು, ಎಂಟೆಂಟು ಅಡಿಗೆ ಒಂದರಂತೆ. ಎರಡು ತಿಂಗಳಿಗೊಮ್ಮೆ ತೋಟದ ಕೆಲಸದವರು ಬಂದು ಮೋಟಾರಿನ ಕತ್ತರಿಯಿಂದ ಎರಡೂ ಬದಿ, ನೆತ್ತಿ, ಎಲ್ಲವನ್ನೂ ಸಪಾಟು ಮಾಡಿ ಹೋಗುತ್ತಿದ್ದರು. ನೋಡಲು ಹಸಿರು ಗೋಡೆ. ಬೆರಳು ತೂರಿಸಿ ಒಳಗೆ ಇಣುಕಿದರೆ ಬರೀ ಒಣ ಕಡ್ಡಿ. ಎಲೆಯೆಲ್ಲ ಹೊರಗಿನ ಒಂದು ಗೇಣು ಪದರದಲ್ಲಿ.

2017ರ ಜನವರಿಯಲ್ಲಿ ಮೊಮ್ಮಗಳು ಹುಟ್ಟಿದಳು. ನಾನು ಮತ್ತು ನಿಮ್ಮ ಕಾಕು ಆರು ತಿಂಗಳಿಗೆಂದು ಹೋದೆವು. ಅವಳಿಗೆ ಬಾಣಂತನದ ಕೆಲಸ ಕೈತುಂಬ. ನನಗೆ ಏನೂ ಇಲ್ಲ. ಬ್ಯಾಂಕಿನಿಂದ ನಿವೃತ್ತನಾದ ಗಂಡಸಿಗೆ ಮಗನ ಮನೆಯಲ್ಲಿ ಕೆಲಸವಿಲ್ಲದಿದ್ದರೆ ಅವನು ಅಪಾಯಕಾರಿ ಪ್ರಾಣಿ, ಇದು ನಿಮ್ಮ ಕಾಕುವಿನ ಅಭಿಪ್ರಾಯ. ಗ್ಯಾರೇಜಿನಲ್ಲಿ ಹೊಸ ಕರಗಸವೊಂದಿತ್ತು. ಹಿತ್ತಲಲ್ಲಿ ಕಾಯಿ ಬಿಡದ ಆರು ಮರಗಳಿದ್ದವು. ಮುಂದಿನದನ್ನು ನೀವೇ ಊಹಿಸಬಹುದು.

ನನ್ನ ತಲೆಯಲ್ಲಿದ್ದದ್ದು ಪೇರಲದ ಲೆಕ್ಕ. ಪುಣೆಯ ನಮ್ಮ ಹಳೆಯ ಮನೆಯಂಗಳದಲ್ಲಿ ಪೇರಲ ಗಿಡವಿತ್ತು. ಮೇ ತಿಂಗಳಲ್ಲಿ ಧೈರ್ಯವಾಗಿ ಕಡಿದರೆ ಮಳೆಗೆ ಹೊಸ ಚಿಗುರು, ಚಿಗುರಿನ ಜೊತೆಗೇ ಹೂ, ಚಳಿಗಾಲಕ್ಕೆ ಹಣ್ಣು. ಪೇರಲ ಹೂಬಿಡುವುದೇ ಆ ವರ್ಷದ ಹೊಸ ಚಿಗುರಿನಲ್ಲಿ. ಕಡಿದಷ್ಟೂ ಅದಕ್ಕೆ ಹುಮ್ಮಸ್ಸು. ಜೊತೆಗೆ ಆಲಿವ್ ಮರದ ನಡುವೆ ಹಕ್ಕಿ ಹಾರಿಹೋಗುವಷ್ಟು ಜಾಗವಿರಬೇಕು ಎಂಬ ಮೆಡಿಟರೇನಿಯನ್ ಕಡೆಯ ಮಾತನ್ನು ಎಲ್ಲೋ ಓದಿದ್ದೆ. ಇವೆರಡನ್ನೂ ಕೂಡಿಸಿ, ಮಾರ್ಚಿಯ ಒಂದು ಬೆಳಿಗ್ಗೆ ಏಣಿ ಹತ್ತಿ ಮೂರನೆಯ ಮತ್ತು ನಾಲ್ಕನೆಯ ಮರಗಳ ನಡುವನ್ನು ಬಿಡಿಸಿದೆ. ಹೊರಚಿಪ್ಪಿನ ಹಿಂದೆ ಬರೀ ಕಡ್ಡಿಯೇ ಇದ್ದುದರಿಂದ ನಾಲ್ಕು ದಪ್ಪ ಕೊಂಬೆ ಬೀಳುವಷ್ಟರಲ್ಲಿ ಒಂದು ಬಾಗಿಲಗಲ ಕಿಂಡಿ ಬಿತ್ತು. ಹಕ್ಕಿ ಏನು, ಹದ್ದೇ ಹಾರಬಹುದಿತ್ತು.

ಕಿಂಡಿಯ ಆಚೆಗೆ ಪಕ್ಕದ ಮನೆಯ ಮಹಡಿಯ ಕಿಟಕಿ. ಈಚೆಗೆ, ನೇರವಾಗಿ ಅದರ ಗೆರೆಯಲ್ಲೇ, ಸೊಸೆ ಮಗುವಿಗೆ ಹಾಲೂಡಿಸಲು ಕೂರುವ ಕುರ್ಚಿ. ಎರಡು ತಿಂಗಳಿನಿಂದ ಆ ಹೆಣ್ಣುಮಗಳಿಗೆ ಬೆಳಕೂ ಗಾಳಿಯೂ ಸಿಗುತ್ತಿದ್ದದ್ದು ಆ ಒಂದು ಕಿಟಕಿಯಿಂದ. ನಾನು ಬೆವರೊರೆಸುತ್ತ ಒಳಗೆ ಬಂದಾಗ ಅವಳು ಎದ್ದು ಕೋಣೆಯ ಹಿಂದಿನ ಮೂಲೆಗೆ ಹೋಗಿದ್ದಳು. ಮಧ್ಯಾಹ್ನದ ಹೊತ್ತಿಗೆ ಕಿಟಕಿಗೆ ಅಡ್ಡಲಾಗಿ ಅವಳ ಹಸಿರು ಇಳಕಲ್ ಸೀರೆಯೊಂದು ಕಟ್ಟಿತ್ತು. ರಾತ್ರಿ ಊಟಕ್ಕೆ ಬಡಿಸುವಾಗ ಮೆಲ್ಲಗೆ ಇಷ್ಟೇ ಅಂದಳು, “ಮಾಮಾ, ಕಡಿಯೂದಕ್ಕಿಂತ ಮೊದಲ ಒಂದ ಮಾತು ಕೇಳಬೇಕಾಗಿತ್ತರಿ.”

ಬೈದಿದ್ದರೆ ಚೆನ್ನಾಗಿತ್ತು. ನಾವು ಬರುವವರೆಗೂ ಆ ಸೀರೆ ಇಳಿಯಲಿಲ್ಲ.

ಇನ್ನೂ ಒಂದು ಇದೆ. ಎರಡು ದಿನ ಬಿಟ್ಟು ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರು. ಎಪ್ಪತ್ತು ದಾಟಿದ, ನಿವೃತ್ತ ಶಿಕ್ಷಕಿ, ಒಬ್ಬರೇ ಇರುತ್ತಾರೆ. ಬಹಳ ವಿನಯದಿಂದ ಕೇಳಿದರು, ಮರಗಳಿಗೆ ಏನಾದರೂ ರೋಗ ಬಂದಿದೆಯೇ ಎಂದು. ಯಾಕೆಂದರೆ ಆ ಕಿಟಕಿಯ ಬಳಿ ಕುಳಿತೇ ಅವರು ದಿನಾ ಬೆಳಗಿನ ಕಾಫಿ ಕುಡಿಯುವುದು, ರಾತ್ರಿಯುಡುಗೆಯಲ್ಲಿ. ಹನ್ನೆರಡು ವರ್ಷದಿಂದ ಆ ಮರಗಳ ನೆಚ್ಚಿನಲ್ಲೇ ಅವರು ಕಿಟಕಿಗೆ ಪರದೆ ಹಾಕಿರಲಿಲ್ಲ. ನಾವು ನಮ್ಮ ಮರೆ ನಮ್ಮ ಮರೆ ಎಂದುಕೊಂಡಿದ್ದೆವು. ಅದು ಅವರದೂ ಆಗಿತ್ತು.

ಮಳೆಯ ಸಂಗತಿಯನ್ನೂ ಹೇಳಿಬಿಡುತ್ತೇನೆ. ಆ ವರ್ಷ ಅಲ್ಲಿ ಮಳೆ ವಿಪರೀತ. ಫೆಬ್ರವರಿಯಲ್ಲಿ ಕಯೋಟಿ ಹೊಳೆ ಉಕ್ಕಿ ಸ್ಯಾನ್ ಹೋಸೆಯ ಕೆಲವು ಬಡಾವಣೆಗಳ ಜನ ಮನೆ ಬಿಟ್ಟು ಹೋಗಬೇಕಾಯಿತು. ನಾನು ಕಡಿದ ಮರುವಾರ ಮತ್ತೆ ಮಳೆ. ಆಲಿವ್‌ಗೆ ಒಂದು ಗಂಟುರೋಗವಿದೆ. ಒಂದು ಬಗೆಯ ಬ್ಯಾಕ್ಟೀರಿಯಾ ಮಳೆಹನಿಯೊಂದಿಗೆ ಸಿಡಿದು ಹಸಿ ಗಾಯದೊಳಗೆ ಸೇರಿ, ಅಲ್ಲಿ ಕರಿಯ ಗಡ್ಡೆ ಕಟ್ಟುತ್ತದೆ. ಮರುವರ್ಷ ನೋಡಿದರೆ ನನ್ನ ಕರಗಸ ತಾಗಿದ ಕಡೆಯಲ್ಲೆಲ್ಲ ಗಡ್ಡೆ, ಕಡಲೆಕಾಳಿನಷ್ಟರಿಂದ ನಿಂಬೆಯಷ್ಟರವರೆಗೆ. ಸಹಿ ಹಾಕಿ ಬಂದಂತಿತ್ತು.

ಇಷ್ಟಾದ ಮೇಲೆ ಓದಲು ಕುಳಿತೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಹೆಚ್ಚಿನ ಜಿಲ್ಲೆಗಳಲ್ಲಿ ತರಬೇತಿ ಪಡೆದ ಸ್ವಯಂಸೇವಕರ ಮೂಲಕ ಮನೆತೋಟದವರಿಗೆ ಪುಕ್ಕಟೆ ಸಲಹೆ ಕೊಡಿಸುತ್ತಾರೆ. ಅವರನ್ನು ಕೇಳಿ, ಕೊಟ್ಟ ಪತ್ರಗಳನ್ನು ಓದಿ, ಮರದ ಬುಡದಲ್ಲಿ ನಿಂತು ನೋಡಿ ನನಗೆ ತಿಳಿದದ್ದನ್ನು ನಿಮಗೆ ಹೇಳುತ್ತೇನೆ. ಇದೊಂದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಹೊಳೆಯುತ್ತದೆ.

ಆಲಿವ್ ಹೂಬಿಡುವುದು ಕಳೆದ ವರ್ಷ ಬೆಳೆದ ಚಿಗುರಿನಲ್ಲಿ. ಈ ವರ್ಷ ಹೊರಟ ಚಿಗುರು ಈ ವರ್ಷ ಬರೀ ಬೆಳೆಯುತ್ತದೆ, ಬೇಸಿಗೆಯ ಬಿಸಿಲುಂಡು, ಚಳಿಗಾಲದ ತಂಪು ಕಂಡು, ಮುಂದಿನ ಮೇ ತಿಂಗಳಲ್ಲಿ ಅದರ ಎಲೆಗಳ ಕಂಕುಳಲ್ಲಿ ಸಣ್ಣ ಬಿಳಿ ಹೂಗೊಂಚಲು ಬರುತ್ತದೆ. ಒಮ್ಮೆ ಕಾಯಿ ಬಿಟ್ಟ ಆ ತುಂಡಿನಲ್ಲಿ ಮತ್ತೆ ಕಾಯಿ ಬರುವುದಿಲ್ಲ. ಅದರ ಮುಂದಕ್ಕೆ ಬೆಳೆದ ತುದಿಯಲ್ಲಿ ಬರಬೇಕು. ನಮ್ಮ ಮಾವಿನ ಲೆಕ್ಕವೂ ಸುಮಾರಾಗಿ ಹೀಗೆಯೇ, ಹೂ ಬರುವುದು ಹಿಂದಿನ ಬೆಳವಣಿಗೆಯ ಬಲಿತ ತುದಿಯಲ್ಲಿ. ಅದಕ್ಕೇ ಮಾವಿನ ತುದಿಗಳನ್ನೆಲ್ಲ ಕತ್ತರಿಸಿ ಆ ವರ್ಷ ಹಣ್ಣು ಕೇಳುವ ಹಾಗಿಲ್ಲ.

ಈಗ ಆ ಮೋಟಾರಿನ ಕತ್ತರಿಯನ್ನು ನೆನೆಸಿಕೊಳ್ಳಿ. ಎರಡು ತಿಂಗಳಿಗೊಮ್ಮೆ ಎಲ್ಲ ತುದಿಗಳನ್ನೂ ಅದು ಒಂದೇ ಸಮ ಬೋಳಿಸುತ್ತದೆ. ಅಂದರೆ ಮುಂದಿನ ಮೇ ತಿಂಗಳ ಹೂವನ್ನು ಪ್ರತಿ ಸಲವೂ ಗುಡಿಸಿ ಕಸದ ಬುಟ್ಟಿಗೆ ಹಾಕುತ್ತದೆ. ಮತ್ತೊಂದು ಹಾನಿಯೂ ಉಂಟು. ತುದಿ ಕತ್ತರಿಸಿದ ಕಡ್ಡಿ ಸುಮ್ಮನಿರುವುದಿಲ್ಲ, ಗಾಯದ ಕೆಳಗಿನಿಂದ ನಾಲ್ಕಾರು ಚಿಗುರು ಹೊರಡಿಸುತ್ತದೆ. ಅವನ್ನೂ ಕತ್ತರಿಸಿದರೆ ಇನ್ನಷ್ಟು. ಹೀಗೆ ಹೊರಗೆ ಚಿಪ್ಪು ದಪ್ಪವಾಗುತ್ತ ಒಳಗೆ ಬೆಳಕು ಹೋಗುವುದೇ ನಿಂತುಬಿಡುತ್ತದೆ. ಬೆಳಕಿಲ್ಲದ ಕಡೆ ಎಲೆ ಉದುರುತ್ತದೆ, ಎಲೆಯಿಲ್ಲದ ಕಡ್ಡಿಯಲ್ಲಿ ಹೂವಿಲ್ಲ. ಹುಡುಗಿಯ ಅಣ್ಣನ ಮನೆಯಲ್ಲಿ ಎಂಟು ವರ್ಷ ಕಾಯಿ ಬಾರದ್ದಕ್ಕೆ ಗೊಬ್ಬರವನ್ನೋ ನೀರನ್ನೋ ದೂರುವ ಮೊದಲು ಆ ಕತ್ತರಿಯನ್ನು ನೋಡಬೇಕು.

ಹಾಗಾದರೆ ಕಡಿಯುವುದೇ ಬೇಡವೆ? ಬೇಕು. ಕಡಿಯುವ ಬಗೆ ಬೇರೆ. ವಿಜಯಪುರದ ಕಡೆ ದ್ರಾಕ್ಷಿ ಬೆಳೆಗಾರರು ಇದಕ್ಕೆ ಚಾಟ್ನಿ ಎನ್ನುತ್ತಾರೆ, ನಿಮ್ಮ ಮರಾಠಿಯ ಛಾಟಣಿಯೇ ಅದು, ಏಪ್ರಿಲ್‌ನಲ್ಲೊಂದು, ಅಕ್ಟೋಬರಿನಲ್ಲೊಂದು. ಅವರು ಎಲ್ಲಿಂದ ಎಷ್ಟು ಕಣ್ಣು ಬಿಟ್ಟು ಕತ್ತರಿಸಬೇಕೆಂದು ಎಣಿಸಿ ಕತ್ತರಿಸುತ್ತಾರೆ. ಆಲಿವ್‌ನಲ್ಲಿ ಅಷ್ಟು ಎಣಿಕೆ ಬೇಕಿಲ್ಲ. ತುದಿಗೆ ಕೈ ಹಚ್ಚಬೇಡಿ. ಬೇಡವಾದ ಕೊಂಬೆಯನ್ನು ಅದು ಹುಟ್ಟಿದ ಕವಲಿನವರೆಗೂ ಹೋಗಿ ಪೂರ್ತಿಯಾಗಿ ತೆಗೆಯಿರಿ, ಮೋಟು ಉಳಿಸಬೇಡಿ. ಒಂದು ಕೊಂಬೆ ಹೋದ ಜಾಗದಿಂದ ಬೆಳಕು ಒಳಗಿಳಿಯುತ್ತದೆ, ಉಳಿದ ಕೊಂಬೆಗಳ ತುದಿಗಳು ಹಾಗೆಯೇ ಇರುತ್ತವೆ, ಹೊರಗಿನಿಂದ ನೋಡಿದವರಿಗೆ ಕಡಿದದ್ದೇ ತಿಳಿಯುವುದಿಲ್ಲ. ಕೈಕತ್ತರಿ, ಸಣ್ಣ ಕರಗಸ ಇಷ್ಟೇ ಸಾಕು. ಒಂದು ವರ್ಷದಲ್ಲಿ ಮರದ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದಿದ್ದರೆ ಕ್ಷೇಮ. ಬುಡದಲ್ಲಿ ಏಳುವ ಮರಿಗಳನ್ನು ಮಾತ್ರ ಕಂಡಾಗಲೆಲ್ಲ ಕಿತ್ತುಹಾಕಿ. ಕೊಂಬೆಯ ಬೆನ್ನಿನಿಂದ ಕೋಲಿನಂತೆ ನೆಟ್ಟಗೆ ಮೇಲೇಳುವ ಸೊಕ್ಕಿನ ಚಿಗುರುಗಳನ್ನೂ. ಅವು ಉಣ್ಣುವುದಕ್ಕೆ ಮುಂದು, ಕಾಯಿಗೆ ಹಿಂದು. ಆದರೆ ಮರೆಯಲ್ಲಿ ಕಿಂಡಿ ಬಿದ್ದಿದ್ದರೆ ಅಲ್ಲಿಯ ಒಂದೆರಡನ್ನು ಉಳಿಸಿ ಬಗ್ಗಿಸಿ ಕಟ್ಟಿ. ನಾವು ಕಿಂಡಿ ಮುಚ್ಚಿದ್ದೇ ಅವುಗಳಿಂದ.

ಕಾಲವೆಂದರೆ ಏಪ್ರಿಲ್ ಕೊನೆ. ಸ್ಯಾನ್ ಹೋಸೆಯಲ್ಲಿ ಆ ಹೊತ್ತಿಗೆ ಮಳೆ ಬಹುತೇಕ ಮುಗಿದಿರುತ್ತದೆ, ಗಂಟುರೋಗದ ಭಯ ಕಡಿಮೆ. ಎಲೆಯ ಕಂಕುಳಲ್ಲಿ ಮೊಗ್ಗು ಕಾಣುತ್ತಿರುತ್ತದೆ. ಯಾವುದರಲ್ಲಿ ಮೊಗ್ಗಿದೆ, ಯಾವುದು ಬರಿಗೈ ಎಂದು ನೋಡಿಯೇ ಕಡಿಯಬಹುದು. ಮುಂದಿನ ಕೆಲವು ದಿನ ಮಳೆಯ ಸೂಚನೆಯಿದ್ದರೆ ಕತ್ತರಿ ಒಳಗಿಡಿ. ದಪ್ಪ ಕೊಂಬೆ ತೆಗೆದು ಹಳೆಯ ತೊಗಟೆಗೆ ಏಕಾಏಕಿ ಬಿಸಿಲು ಬಿದ್ದರೆ ಅದು ಸುಟ್ಟು ಸೀಳುತ್ತದೆ. ಒಳಗೋಡೆಗೆ ಹಚ್ಚುವ ಬಿಳಿ ಬಣ್ಣಕ್ಕೆ ಅಷ್ಟೇ ನೀರು ಬೆರೆಸಿ ಬಳಿದರಾಯಿತು, ನಮ್ಮೂರ ರಸ್ತೆಯ ಮರಗಳಿಗೆ ಸುಣ್ಣ ಬಳಿದ ಹಾಗೆ ಕಾಣುತ್ತದೆ.

ಈಗ ಮುಖ್ಯ ತೊಡಕು. ಕಾಯಿಗೆ ಬೆಳಕು ಬೇಕು, ಮರೆಗೆ ಒತ್ತು ಬೇಕು. ಒಂದು ಇನ್ನೊಂದನ್ನು ತಿನ್ನುತ್ತದೆ. ನಾನು ಇದನ್ನು ಬಹಳ ದಿನ ತಲೆಯಲ್ಲಿ ಹೊರಳಾಡಿಸಿದೆ. ಬಿಡಿಸಿಕೊಟ್ಟದ್ದು ಸ್ಪೇನಿನ ರೈತರು, ಅವರಿಗೂ ಮೊದಲು ನಮ್ಮಪ್ಪ.

ಸ್ಪೇನಿನಲ್ಲಿ 1990ರ ದಶಕದಲ್ಲಿ ಆಲಿವನ್ನು ಬೇಲಿಯಂತೆಯೇ ಬೆಳೆಸುವ ಹೊಸ ಬಗೆಯ ತೋಟಗಳು ಬಂದವು. ಅರ್ಬೆಕಿನಾ ಎಂಬ ಗಿಡ್ಡ ತಳಿ, ಗಿಡದಿಂದ ಗಿಡಕ್ಕೆ ಸುಮಾರು ಐದಡಿ, ಸಾಲಿನಿಂದ ಸಾಲಿಗೆ ಹದಿಮೂರಡಿ; ಯಂತ್ರವು ಸಾಲಿನ ಮೇಲೆ ಕಾಲು ಚಾಚಿ ನಡೆಯುತ್ತ ಕಾಯಿ ಉದುರಿಸುತ್ತದೆ. ಹಸಿರು ಗೋಡೆಯೂ ಹೌದು, ಬೆಳೆಯೂ ಹೌದು. ಅಲ್ಲಿ ಎರಡೂ ಬದಿಯನ್ನು ಒಂದೇ ವರ್ಷ ಸವರುವುದಿಲ್ಲ. ಈ ವರ್ಷ ಒಂದು ಬದಿ, ಮರುವರ್ಷ ಇನ್ನೊಂದು. ಸವರಿದ ಬದಿ ಆ ವರ್ಷ ಚಿಗುರು ಬೆಳೆಸಿಕೊಳ್ಳುತ್ತದೆ, ಸವರದ ಬದಿ ಕಾಯಿ ಕೊಡುತ್ತದೆ. ಗೋಡೆ ಯಾವಾಗಲೂ ಗೋಡೆಯಾಗಿಯೇ ಇರುತ್ತದೆ.

ಇದನ್ನು ಓದಿದಾಗ ನನಗೆ ಊರಿನ ಹಿತ್ತಲು ನೆನಪಾಯಿತು. ಧಾರವಾಡದ ಹತ್ತಿರ ನಮ್ಮ ಹಳ್ಳಿಯ ಮನೆಗೆ ಕವಳಿ ಬೇಲಿಯಿತ್ತು. ಕವಳಿ ಎಂದರೆ ನಿಮ್ಮ ಕರವಂದ. ಮೇ ತಿಂಗಳಲ್ಲಿ ಸಿಂಹಗಡದ ದಾರಿಯಲ್ಲಿ ಎಲೆಯ ದೊನ್ನೆಯಲ್ಲಿ ಮಾರುತ್ತಾರಲ್ಲ, ಅದೇ. ಅಪ್ಪ ಕುಡಗೋಲು ಹಿಡಿದರೆ ರಸ್ತೆಯ ಬದಿಯನ್ನಷ್ಟೇ ಒತ್ತಾಗಿ ಸವರುತ್ತಿದ್ದರು. ಮನೆಯ ಬದಿಯನ್ನು ಮುಟ್ಟುತ್ತಿರಲಿಲ್ಲ, “ಅದು ನಿಮ್ಮವ್ವನ ಉಪ್ಪಿನಕಾಯಿ ಕಡೆ” ಎನ್ನುತ್ತಿದ್ದರು. ಐವತ್ತು ವರ್ಷ ಕಣ್ಣೆದುರಿಗಿದ್ದ ಸಂಗತಿ. ನೆನಪಾಗಲು ಸ್ಪೇನ್ ಬೇಕಾಯಿತು ನೋಡಿ.

2018ರಲ್ಲಿ ಮತ್ತೆ ಹೋದಾಗ ಏಣಿ ಹತ್ತುವ ಮೊದಲು ಸೊಸೆಯನ್ನು ಕರೆದೆ. ಅವಳು ಆ ಕುರ್ಚಿಯಲ್ಲಿ ಕುಳಿತಳು. ಮಗ ಉದ್ದನೆಯ ಕಸಬರಿಗೆ ಎತ್ತಿ ಹಿಡಿದು ಮರದಿಂದ ಮರಕ್ಕೆ ಸರಿಯುತ್ತ ಹೋದ. ಕಸಬರಿಗೆಯ ತುದಿ ಪಕ್ಕದ ಕಿಟಕಿಯನ್ನು ಎಲ್ಲೆಲ್ಲಿ ಮುಟ್ಟಿದಂತೆ ಕಾಣುತ್ತದೋ ಅಲ್ಲಲ್ಲಿ ಕೊಂಬೆಗೆ ಕೆಂಪು ದಾರ ಕಟ್ಟಿದೆವು. ಆಮೇಲೆ ಪಕ್ಕದವರನ್ನು ಕೇಳಿಕೊಂಡು ಅವರ ಮಹಡಿಯಿಂದಲೂ ಹಾಗೆಯೇ ನೋಡಿ ನೀಲಿ ದಾರ ಕಟ್ಟಿದೆವು. ಆಶ್ಚರ್ಯವೆಂದರೆ, ನಲವತ್ತು ಅಡಿ ಉದ್ದದ ಆ ಸಾಲಿನಲ್ಲಿ ನಿಜಕ್ಕೂ ಒತ್ತಾಗಿರಬೇಕಾದದ್ದು ಮೂರು ಮರಗಳ ಏಳರಿಂದ ಹನ್ನೊಂದು ಅಡಿ ಎತ್ತರದ ಭಾಗ ಮಾತ್ರ. ಉಳಿದದ್ದನ್ನೆಲ್ಲ ಧಾರಾಳವಾಗಿ ಬಿಡಿಸಬಹುದಿತ್ತು. ನೆತ್ತಿಯನ್ನು ಹನ್ನೆರಡು ಅಡಿಗೆ ಇಳಿಸಿದೆವು, ಅದಕ್ಕಿಂತ ಮೇಲೆ ಬಿಟ್ಟರೆ ಕಾಯಿ ಕೀಳಲು ಏಣಿ ಸಾಲದು. ಆ ವರ್ಷ ಮನೆಯ ಬದಿ ಸವರಿದೆವು, 2019ರಲ್ಲಿ ಪಕ್ಕದವರ ಬದಿ. ತೋಟದ ಕೆಲಸದವರಿಗೆ ಹುಲ್ಲು ಮಾತ್ರ ನೋಡಿಕೊಳ್ಳಿ ಎಂದು ಹೇಳಿಯಾಗಿತ್ತು.

ಮುಂದೆ ಕೊರೋನಾ. 2020 ಮತ್ತು 2021, ಎರಡು ಏಪ್ರಿಲ್ ನಾವು ಪುಣೆ ಬಿಟ್ಟು ಕದಲಲಿಲ್ಲ. ಅಲ್ಲಿ ಬೆಳಗಿನ ಎಂಟು, ಇಲ್ಲಿ ರಾತ್ರಿ ಎಂಟೂವರೆ. ಮಗ ಏಣಿಯ ಮೇಲೆ, ಸೊಸೆ ಕೆಳಗೆ ಫೋನ್ ಹಿಡಿದು, ನಾನು ಸೋಫಾದ ಮೇಲೆ. “ಅಪ್ಪಾ, ಇದನಾ?” “ಅದಲ್ಲೋ, ಅದರ ಬಾಜೂದ್ದು.” “ಬಾಜೂದ್ದು ಎರಡು ಅದಾವು.” ಅಷ್ಟರಲ್ಲಿ ಚಿತ್ರ ನಿಂತುಹೋಗುತ್ತಿತ್ತು. ಒಮ್ಮೆ ನನಗೆ ಕಾಯದೆ ಸೊಸೆಯೇ, “ಅದನ್ನ ಬಿಡ್ರಿ, ನೀಲಿ ದಾರದ್ದು,” ಎಂದು ಗಂಡನನ್ನು ತಡೆದಳು. ಅಂದಿನಿಂದ ಆ ಬೇಲಿಯ ಯಜಮಾನಿಕೆ ಅವಳದು. ನನ್ನದು ಸಲಹೆ ಮಾತ್ರ, ಕೇಳಿದರೆ.

2022ರ ಮೇ ತಿಂಗಳಲ್ಲಿ ಪಕ್ಕದವರ ಬದಿ ಪೂರ್ತಿ ಹೂ. ಆಲಿವ್‌ನಲ್ಲಿ ನೂರು ಹೂವಿಗೆ ಒಂದೆರಡು ಕಾಯಿ ನಿಂತರೆ ಅದೇ ಭರ್ತಿ ಬೆಳೆ, ಉಳಿದದ್ದು ಉದುರುತ್ತದೆ. ಉದುರಿದ್ದು ಕಂಡು ಗಾಬರಿಯಾಗಬೇಡಿ. ಅಕ್ಟೋಬರಿನಲ್ಲಿ ನಾವಿಬ್ಬರೂ ಅಲ್ಲೇ ಇದ್ದೆವು. ಹಸಿರು ಕಾಯಿ, ತೂಗಿದರೆ ಹದಿನಾಲ್ಕು ಕಿಲೋ. ಅರ್ಧಕ್ಕಿಂತ ಹೆಚ್ಚು ಬೇಲಿಯ ಆಚೆಗೆ ಬಾಗಿತ್ತು, ಪಕ್ಕದವರು ತಮ್ಮ ಕಡೆಯಿಂದ ಕಿತ್ತು ಬಕೆಟ್ಟು ತುಂಬಿ ಬೇಲಿಯ ಮೇಲಿನಿಂದ ದಾಟಿಸಿದರು.

ಮರದಿಂದ ಕಿತ್ತ ಆಲಿವನ್ನು ದಯವಿಟ್ಟು ಬಾಯಿಗೆ ಹಾಕಬೇಡಿ. ನಾನು ಹಾಕಿದ್ದೆ, ಬೇವಿನೆಲೆ ಅದರ ಮುಂದೆ ಸಿಹಿ. ಕಲ್ಲಿನಿಂದ ಮೆಲ್ಲಗೆ ಜಜ್ಜಿ, ಬೀಜ ಒಡೆಯದಂತೆ, ನೀರಿನಲ್ಲಿ ಮುಳುಗಿಸಿಟ್ಟು ದಿನಾ ನೀರು ಬದಲಿಸಬೇಕು. ಒಂದು ವಾರದ ಮೇಲೆ ಕಹಿ ಇಳಿಯುತ್ತದೆ. ಆಮೇಲೆ ಉಪ್ಪುನೀರು, ವಿನೆಗರ್, ಫ್ರಿಜ್. ನಿಮ್ಮ ಕಾಕು ಅಷ್ಟಕ್ಕೆ ಬಿಡಲಿಲ್ಲ. ತಿನ್ನುವ ಹೊತ್ತಿಗೆ ಸ್ವಲ್ಪ ಸ್ವಲ್ಪವೇ ತೆಗೆದು ಸಾಸಿವೆ ಪುಡಿ, ಬ್ಯಾಡಗಿ ಮೆಣಸಿನಕಾಯಿ, ಇಂಗಿನ ಒಗ್ಗರಣೆ ಹಾಕಿದಳು. ಪಕ್ಕದ ಮನೆಯವರು ಅದನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತಾರೆ. ನಾನು ಮೊಸರನ್ನದ ಪಕ್ಷ.

ಇನ್ನು ಕೆಲವು ಎಚ್ಚರಿಕೆಗಳು. ಬಿಟ್ಟ ಕಾಯನ್ನೆಲ್ಲ ಕೀಳಿರಿ, ಉದುರಿದ್ದನ್ನು ಗುಡಿಸಿರಿ. 1998ರಲ್ಲಿ ಲಾಸ್ ಏಂಜಲೀಸಿನಲ್ಲಿ ಮೊದಲು ಕಂಡ ಆಲಿವ್ ಹಣ್ಣುನೊಣ ಈಗ ರಾಜ್ಯದ ತುಂಬ ಇದೆ, ಹಿತ್ತಲಲ್ಲಿ ಯಾರೂ ಕೀಳದೆ ಬಿಟ್ಟ ಕಾಯೇ ಅದರ ಸಂಸಾರದ ಮನೆ. ಚುಚ್ಚಿದ ಗುರುತಿರುವ ಕಾಯಿ ಉಪ್ಪಿಗೆ ಹಾಕಬೇಡಿ. ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಆಲಿವ್ ಕಾಯಿ ಸೈಕಲ್ ದಾರಿಯ ಮೇಲೆ ಉದುರಿ ವಿದ್ಯಾರ್ಥಿಗಳು ಜಾರಿ ಬೀಳುತ್ತಿದ್ದರು. ಕೊನೆಗೆ ಅವರು ಆ ಕಾಯನ್ನೆಲ್ಲ ಆರಿಸಿ 2005ರಿಂದ ಎಣ್ಣೆ ತೆಗೆದು ಮಾರತೊಡಗಿದರು, 2008ರಲ್ಲಿ ಆಲಿವ್‌ಗೆಂದೇ ಒಂದು ಕೇಂದ್ರವನ್ನೂ ತೆರೆದರು. ಬಿದ್ದವರಿಂದ ಎದ್ದ ಸಂಸ್ಥೆ!

ಮತ್ತೊಂದು, ಹೂವಿನ ಪರಾಗ. ಗಾಳಿಯಲ್ಲಿ ಹಾರುತ್ತದೆ, ಕೆಲವರಿಗೆ ಸೀನು, ಉಬ್ಬಸ. ಟೂಸಾನ್ ಇರುವ ಪೀಮಾ ಕೌಂಟಿ, ಲಾಸ್ ವೇಗಾಸ್ ಇರುವ ಕ್ಲಾರ್ಕ್ ಕೌಂಟಿಗಳಲ್ಲಿ ಇದೇ ಕಾರಣಕ್ಕೆ ಕಾಯಿ ಬಿಡುವ ಆಲಿವ್ ನೆಡುವುದಕ್ಕೇ ನಿರ್ಬಂಧ ಬಂತು. ನಿಮ್ಮ ಮನೆಯಲ್ಲಾಗಲಿ ಪಕ್ಕದಲ್ಲಾಗಲಿ ಅಂಥವರಿದ್ದರೆ ಕಾಯಿಯ ಆಸೆ ಬಿಟ್ಟು ಆ ಮೋಟಾರಿನ ಕತ್ತರಿಯೇ ಓಡಲಿ. ಹೂವಿಲ್ಲದ ಹಸಿರು ಗೋಡೆಯೇ ಅಲ್ಲಿ ಸರಿ. ಮತ್ತೆ, ಒಂದು ವರ್ಷ ಹೊರೆ ಬಿಟ್ಟ ಮರ ಮರುವರ್ಷ ಕೈಯೆತ್ತುವುದು ಇದರ ಸ್ವಭಾವ. 2023ರಲ್ಲಿ ನಮಗೆ ಸಿಕ್ಕಿದ್ದು ಒಂದು ಬಟ್ಟಲು.

ಇಲ್ಲೇ ಇರುವವರು ಕೇಳುತ್ತೀರಿ, ಪುಣೆಯಲ್ಲಿ ನೆಡಬಹುದೇ ಎಂದು. ನರ್ಸರಿಯಲ್ಲಿ ಕುಂಡದ ಆಲಿವ್ ಒಳ್ಳೆಯ ಬೆಲೆಗೆ ಮಾರುತ್ತಾರೆ. ಎಲೆ ಬೆಳೆಯುತ್ತದೆ, ಮರೆಯಾದೀತು. ಹೂವಿಗೆ ಬೇಕಾದ ಚಳಿ ನಮ್ಮಲ್ಲಾಗಲಿ ಮುಂಬೈ, ಚೆನ್ನೈಗಳಲ್ಲಾಗಲಿ ಇಲ್ಲ. ರಾಜಸ್ಥಾನದಲ್ಲಿ ಚಳಿಯಿದೆ, ಅಲ್ಲಿ ಇಸ್ರೇಲಿನಿಂದ ಸಸಿ ತಂದು ನೆಟ್ಟು, 2014ರಲ್ಲಿ ಬಿಕಾನೇರ್ ಜಿಲ್ಲೆಯ ಲೂಣಕರಣಸರದಲ್ಲಿ ಎಣ್ಣೆಯ ಘಟಕ ಹಾಕಿದರು. ಪುಣೆಯಲ್ಲಿ ಮರೆಯೂ ಕಾಯಿಯೂ ಬೇಕೆನ್ನುವವರು ಕವಳಿ ನೆಡಿ, ಮುಳ್ಳಿನ ಕಡೆ ಮಾತ್ರ ಜೋಕೆ.

ಸ್ಯಾನ್ ಹೋಸೆಗೆ ಹೊರಟಿರುವ ಹುಡುಗಿಗೆ: ಅಣ್ಣನಿಗೆ ಹೇಳಿ ಮೊದಲು ಆ ಮೋಟಾರಿನ ಕತ್ತರಿ ನಿಲ್ಲಿಸು. ಒಂದು ವರ್ಷ ಏನೂ ಮಾಡಬೇಡ, ಮರ ಸ್ವಲ್ಪ ಕೆದರಿದ ತಲೆಯಂತೆ ಕಾಣಲಿ. ಆಮೇಲೆ ನಿಮ್ಮ ವೈನಿಯನ್ನು ಅವರು ದಿನಾ ಕೂರುವ ಕಡೆ ಕೂರಿಸಿ ಕಸಬರಿಗೆ ಹಿಡಿ. ಎರಡು ಬಣ್ಣದ ದಾರ ಇಲ್ಲಿಂದಲೇ ಒಯ್ಯಿ, ಅಲ್ಲಿ ದುಬಾರಿ.

ನಮ್ಮ ಮನೆಯ ಮರಗಳಿಗೆ ಬರುವ ಏಪ್ರಿಲ್‌ನ ದಿನ ಇನ್ನೂ ಗೊತ್ತುಮಾಡಿಲ್ಲ. ಪಕ್ಕದವರ ತಂಗಿ ಆ ತಿಂಗಳು ಬಂದು ಮಹಡಿಯ ಆ ಕೋಣೆಯಲ್ಲೇ ಇರುತ್ತಾರಂತೆ. ಅವರು ಹೋದ ಮೇಲೆ ಕಡಿಯೋಣ ಎಂದು ಹೇಳಿ ಕಳಿಸಿದ್ದಾರೆ, ಸೊಸೆ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾಳೆ.

ನಿಮ್ಮ,
ಅಂಗಳದ ಕಾಕಾ